ಆಯ್ಕೆಯಾದ ಮೇಲೆ ತಿದ್ದಿದ ಅರ್ಜಿ

ನಾನು ಅಧ್ಯಯನ ಮಾಡುವ ಕಣಜದ ಹುಳ ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲ. ಅದರ ಬಗ್ಗೆ ಬರೆಯಲು ಅರ್ಜಿ ನಮೂನೆಯಲ್ಲಿ ಐನೂರು ಪದಗಳ ಜಾಗ ಇತ್ತು. ಮೊದಲ ಸಲ ಬರೆದಾಗ ಸಾವಿರದ ಮುನ್ನೂರು ಪದವಾಯಿತು. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ನಾಲ್ಕು ದಿನ ಅದನ್ನು ಕೊಯ್ಯುತ್ತ ಹೋದೆ. ವಿಶೇಷಣಗಳು ಹೋದವು, ಉದಾಹರಣೆಗಳು ಹೋದವು, ಆಮೇಲೆ ಅನುಮಾನಗಳು ಹೋದವು. ಅನುಮಾನಗಳನ್ನು ಕೊಯ್ದದ್ದು ತಪ್ಪಾಯಿತೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಅದು ಜೀವವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಒಂದು ಪ್ರತಿಷ್ಠಾನ ಕೊಡುವ ಪ್ರವಾಸ ಫೆಲೋಶಿಪ್. ನಮ್ಮಲ್ಲಿ ಕಲಿಯಲು ಸಾಧ್ಯವಿಲ್ಲದ ಒಂದು ವಿಧಾನವನ್ನು ಹೊರದೇಶದ ಪ್ರಯೋಗಾಲಯದಲ್ಲಿ ಮೂರು ತಿಂಗಳು ಕಲಿತು ಬರಬಹುದು. ಹೋಗಿ ಬರುವ ಖರ್ಚು, ಉಳಿಯುವ ಖರ್ಚು ಅವರದು. ಷರತ್ತು ಮೂರು. ಅಲ್ಲಿಯ ಪ್ರಯೋಗಾಲಯದಿಂದ ಆಹ್ವಾನ ಪತ್ರ ಬೇಕು, ಮಾರ್ಗದರ್ಶಕರ ಶಿಫಾರಸು ಬೇಕು, ಮತ್ತು ಅಲ್ಲಿಗೆ ಹೋದರೆ ಮಾತ್ರ ಉತ್ತರ ಸಿಗುವಂಥ ಒಂದು ಪ್ರಶ್ನೆ ಬೇಕು.

ಪ್ರಶ್ನೆ ನನ್ನ ಹತ್ತಿರ ಇತ್ತು. ಭತ್ತದ ಕಂದು ಜಿಗಿಹುಳು ಸಸಿಯ ಬುಡದಲ್ಲಿ ಕೂತು ರಸ ಹೀರುತ್ತದೆ. ಸಂಖ್ಯೆ ಹೆಚ್ಚಾದರೆ ಮಡಿಯ ನಡುವೆ ಬೆಂಕಿ ತಗುಲಿದ ಹಾಗೆ ಗುಂಡಗೆ ಒಣಗಿದ ಕಲೆ ಬೀಳುತ್ತದೆ. ರೈತರು ಔಷಧಿ ಹೊಡೆಯುತ್ತಾರೆ, ಹದಿನೈದು ದಿನ ಬಿಟ್ಟು ಮತ್ತೆ ಹೊಡೆಯುತ್ತಾರೆ. ಈ ಜಿಗಿಹುಳು ದಂಟನ್ನು ಸೀಳಿ ಅದರೊಳಗೆ ಮೊಟ್ಟೆ ಇಡುತ್ತದೆ. ನನ್ನ ಕಣಜ ಆ ದಂಟಿನ ಮೇಲೆ ಮೀಸೆ ಬಡಿಯುತ್ತ ನಡೆದು, ಒಳಗೆ ಅಡಗಿದ ಮೊಟ್ಟೆಯನ್ನು ಪತ್ತೆ ಹಚ್ಚಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಜಿಗಿಹುಳುವಿನ ಮರಿ ಹೊರಬರಬೇಕಾದಲ್ಲಿ ಕಣಜ ಹೊರಬರುತ್ತದೆ. ಕಾಲುವೆ ನೀರಿನ ಊರುಗಳಲ್ಲಿ ಇದು ಎಷ್ಟು ಹೆಚ್ಚುತ್ತದೋ ಔಷಧಿ ಅಷ್ಟು ಕಡಿಮೆ ಸಾಕು.

ಆದರೆ ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆಗುತ್ತದೆ. ಮುಂದಿನ ನಾಟಿಯವರೆಗೆ ಸಿಂಧನೂರಿನ ಸುತ್ತ ಭತ್ತವೇ ಇರುವುದಿಲ್ಲ. ಕಣಜದ ಆಯುಷ್ಯ ಕೆಲವೇ ದಿನ. ಹಾಗಿದ್ದರೂ ಹೊಸ ಸಸಿ ಹಚ್ಚಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಬಂದಿರುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ? ನನ್ನ ಊಹೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಕಡೆಗಿತ್ತು. ಅದು ಒಣಬೇಸಾಯದ ಸೀಮೆ. ಅಲ್ಲಿಯ ಹಳ್ಳದ ದಡದಲ್ಲಿ ಬೇಸಿಗೆಯಲ್ಲೂ ಹುಲ್ಲಿನ ಗುಂಪುಗಳು ಹಸಿರಾಗಿರುತ್ತವೆ. ಆ ಹುಲ್ಲಿನೊಳಗೆ ಬೇರೆ ಜಾತಿಯ ಜಿಗಿಹುಳುಗಳು ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳಿಂದ ಕಣಜ ಬರುವುದನ್ನು ನಾನೇ ನೋಡಿದ್ದೆ. ಮುಂಗಾರಿನ ಗಾಳಿ ಬೀಸುವುದೂ ಅಲ್ಲಿಂದ ಸಿಂಧನೂರಿನ ಕಡೆಗೇ. ಕಣಜ ಬೇಸಿಗೆಯನ್ನು ಹಳ್ಳದಲ್ಲಿ ಕಳೆದು ಗಾಳಿಯ ಜೊತೆ ಗದ್ದೆಗೆ ಬರುತ್ತದೆ ಎಂಬ ಕಥೆ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನಾನೇ ಅದಕ್ಕೆ ಮಾರುಹೋದೆ.

ಎರಡೂ ಕಡೆಯ ಕಣಜ ಒಂದೇ ಜಾತಿಯೇ ಎಂದು ನೋಡಲು ಸ್ಲೈಡ್ ಮಾಡಬೇಕು. ಕಣಜವನ್ನು ಕ್ಷಾರದ ದ್ರಾವಣದಲ್ಲಿಟ್ಟು ಒಳಗಿನ ಮಾಂಸ ಕರಗಿಸಿ, ಆಲ್ಕೊಹಾಲಿನಲ್ಲಿ ನೀರು ತೆಗೆದು, ಲವಂಗದ ಎಣ್ಣೆಗೆ ಹಾಕಿ, ಕೊನೆಗೆ ಗಾಜಿನ ಮೇಲೆ ಅಂಟಿನ ಹನಿಯಲ್ಲಿ ಮಲಗಿಸಬೇಕು. ಮೀಸೆಯ ತುಂಡುಗಳ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಗೆರೆಗಳಿರುತ್ತವೆ. ಯಾವ ತುಂಡಿನ ಮೇಲೆ ಎಷ್ಟು ಗೆರೆ ಎಂಬುದರ ಮೇಲೆ ಜಾತಿ ತೀರ್ಮಾನವಾಗುತ್ತದೆ. ಮಾರ್ಚ್‌ನಲ್ಲಿ ನಾನು ಹಳ್ಳದ ಕಣಜದ ಐದು ಸ್ಲೈಡ್ ಮಾಡಿದೆ. ಮೂರು ಕೆಟ್ಟವು. ಉಳಿದ ಎರಡು ಭತ್ತದ ಕಣಜದ ಹಾಗೇ ಕಂಡವು. ಮೊದಲ ಕರಡಿನಲ್ಲಿ ನಾನು ಬರೆದದ್ದು, 'ಎರಡೂ ಒಂದೇ ಜಾತಿ ಇರಬಹುದೆಂದು ಕಾಣುತ್ತದೆ, ಸ್ಲೈಡ್‌ಗಳು ಕಡಿಮೆ ಇರುವುದರಿಂದ ಇನ್ನೂ ಖಚಿತವಿಲ್ಲ' ಎಂದು. ಐನೂರು ಪದಕ್ಕೆ ಇಳಿಸುವಾಗ ಅದು 'ಎರಡೂ ಒಂದೇ ಜಾತಿ' ಎಂದಾಯಿತು.

ಆಹ್ವಾನಕ್ಕಾಗಿ ಯುರೋಪಿನ ಒಂದು ವಸ್ತುಸಂಗ್ರಹಾಲಯದ ತಜ್ಞೆಗೆ ಮೂರು ಸಲ ಮಿಂಚಂಚೆ ಕಳಿಸಿದೆ. ಇಂಥ ಚಿಕ್ಕ ಕಣಜಗಳ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವರು. ಎರಡೂ ಕಡೆಯ ಕಣಜ ಒಂದೇ ಎಂಬುದನ್ನು ಡಿಎನ್‌ಎಯಿಂದ ಖಚಿತಪಡಿಸುವ ವಿಧಾನವನ್ನು ಅವರಿಂದ ಕಲಿಯುವುದು ನನ್ನ ಯೋಜನೆ. ಮೂರನೆಯದಕ್ಕೆ ಎರಡು ಸಾಲಿನ ಉತ್ತರ ಬಂತು, ಬಾ ಎಂದು. ಮಾರ್ಗದರ್ಶಕರು ಒಂದೂವರೆ ಪುಟದ ಶಿಫಾರಸು ಬರೆದರು. ಏಪ್ರಿಲ್ ಕೊನೆಗೆ ಆಯ್ಕೆಯ ಪತ್ರ ಬಂದಾಗ ನಾನು ಲಿಂಗಸುಗೂರಿನ ನಮ್ಮ ಮನೆಯಲ್ಲಿದ್ದೆ. ಅಪ್ಪ ಬಸ್ ಕಂಡಕ್ಟರ್. ಆ ದಿನ ಡ್ಯೂಟಿ ಮುಗಿಸಿ ಬಂದವರು ಪತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಎರಡು ಸಲ ಓದಿ, ಡಿಪೋದವರಿಗೆಲ್ಲ ಹೇಳುವುದಕ್ಕೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವ್ವ ಹೊರದೇಶದಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ವಿಚಾರಿಸು ಎಂದಳು.

ಮೇ ತಿಂಗಳಲ್ಲಿ ನಾನು ಇನ್ನಷ್ಟು ಸ್ಲೈಡ್ ಮಾಡಲು ಕೂತೆ. ಹೋಗುವಾಗ ಬರಿಗೈಲಿ ಹೋಗಬಾರದೆಂಬ ಉತ್ಸಾಹ, ಅಷ್ಟೇ. ಸಿಂಧನೂರಿನ ಆ ಬಿಸಿಲಿಗೆ ಅಂಟು ತೆಳ್ಳಗಾಗಿ ಹರಿಯುತ್ತದೆ, ಮಲಗಿಸಿದ ಮೀಸೆ ತಿರುಗಿಬಿಡುತ್ತದೆ. ಹಾಗಾಗಿ ಸೂರ್ಯ ಏರುವ ಮೊದಲು, ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಮಾತ್ರ ಕೆಲಸ. ಗಾಜನ್ನು ತಣ್ಣೀರಿನ ತಟ್ಟೆಯ ಮೇಲಿಟ್ಟು ಅಂಟು ಹಾಕುವುದನ್ನು ರೂಢಿ ಮಾಡಿಕೊಂಡೆ. ಹತ್ತು ದಿನದಲ್ಲಿ ಹಳ್ಳದ ಕಣಜದ ಹದಿನಾಲ್ಕು ಒಳ್ಳೆಯ ಸ್ಲೈಡ್ ಸಿಕ್ಕವು. ಅಷ್ಟು ಚೊಕ್ಕ ಸ್ಲೈಡ್ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

ಹನ್ನೊಂದನೆಯ ದಿನ ಅವನ್ನು ಸಾಲಾಗಿ ನೋಡಿದೆ. ಭತ್ತದ ಕಣಜದ ಮೀಸೆಯ ನಾಲ್ಕನೆಯ ತುಂಡಿನ ಮೇಲೆ ಒಂದು ಗೆರೆ ಇರುತ್ತದೆ. ಹಳ್ಳದ ಕಣಜದಲ್ಲಿ ಅದು ಇರಲಿಲ್ಲ. ಮೊದಲ ಸ್ಲೈಡಿನಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ. ಹದಿನಾಲ್ಕರಲ್ಲಿ ಒಂದರಲ್ಲೂ ಇಲ್ಲ. ಮಾರ್ಚ್‌ನ ಎರಡು ಹಳೆಯ ಸ್ಲೈಡ್ ತೆಗೆದು ನೋಡಿದೆ. ಎರಡರಲ್ಲೂ ಮೀಸೆ ಮಗ್ಗುಲಾಗಿ ಬಿದ್ದಿತ್ತು. ಗೆರೆ ಇದ್ದರೂ ಕಾಣುತ್ತಿರಲಿಲ್ಲ, ಇಲ್ಲದಿದ್ದರೂ ತಿಳಿಯುತ್ತಿರಲಿಲ್ಲ. ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ವ್ಯತ್ಯಾಸ ಇಲ್ಲ ಎಂದು ನಾನು ಬರೆದುಬಿಟ್ಟಿದ್ದೆ.

ಸೂಕ್ಷ್ಮದರ್ಶಕದ ದೀಪ ಆರಿಸಿ, ಕೆಳಗಿಳಿದು ಹೋಗಿ ಒಂದು ಚಹಾ ಕುಡಿದು ಬಂದೆ. ಮತ್ತೆ ನೋಡಿದೆ. ಗೆರೆ ಇರಲಿಲ್ಲ.

ಆ ಮಧ್ಯಾಹ್ನವೇ ಹೊರಟು ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಮಾರ್ಗದರ್ಶಕರನ್ನು ಕಂಡೆ. ಅವರು ಹದಿನಾಲ್ಕೂ ಸ್ಲೈಡ್ ನೋಡಿದರು. ಅವಸರ ಮಾಡುವ ಮನುಷ್ಯರಲ್ಲ. ಬೇರೆ ಜಾತಿ ಎಂಬುದರಲ್ಲಿ ಅವರಿಗೂ ಸಂಶಯ ಉಳಿಯಲಿಲ್ಲ. ಮುಂದೇನು ಎಂಬುದರಲ್ಲಿ ಮಾತ್ರ ನಮ್ಮ ದಾರಿ ಬೇರೆಯಾಯಿತು. ನಮ್ಮ ಕಡೆಯಿಂದ ಇಂಥ ಫೆಲೋಶಿಪ್ಪಿಗೆ ಆಯ್ಕೆಯಾದವರು ತೀರ ಕಡಿಮೆ ಎಂದರು. ಜಾತಿ ಒಂದೇ ಹೌದೋ ಅಲ್ಲವೋ ಎಂದು ಡಿಎನ್‌ಎ ಮೂಲಕ ನೋಡಲಿಕ್ಕೇ ನೀನು ಹೋಗುತ್ತಿರುವುದು, ಅಲ್ಲಿಯೇ ತಿಳಿಯಿತು ಎಂದು ವರದಿಯಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ ಎಂದರು. ಅವರ ವಾದದಲ್ಲಿ ಹುರುಳಿತ್ತು. ನಾನೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನನಗೆ ಹೇಳಿಕೊಂಡು ಬಂದಿದ್ದೆ.

"ಸರ್, ನನಗ ಈಗೇ ಗೊತ್ತಾಗೇತ್ರಿ," ಅಂದೆ. "ಅಲ್ಲಿ ಹೋಗಿ ಗೊತ್ತಾದಂಗ ಮಾಡೋದು ಹೆಂಗ್ರಿ?"

ಅವರು ಕೊನೆಯ ಸ್ಲೈಡನ್ನು ಪೆಟ್ಟಿಗೆಯಲ್ಲಿ ಅದರ ಸಂದಿಗೆ ಸೇರಿಸಿದರು. ಎರಡು ದಿನ ಯೋಚನೆ ಮಾಡಿ ಬಾ ಎಂದರು.

ಆ ಎರಡು ದಿನ ಲಿಂಗಸುಗೂರಿನಲ್ಲಿದ್ದೆ. ಅಪ್ಪನಿಗೆ ಗೆರೆಯ ಕಥೆಯೆಲ್ಲ ಹೇಳಿದೆ. ನಾನು ಮಾಡಿದ್ದು ಸುಳ್ಳೋ ತಪ್ಪೋ ಎಂದು ಅವರು ಒಂದೇ ಪ್ರಶ್ನೆ ಕೇಳಿದರು. ತಪ್ಪು ಎಂದೆ.

"ತಪ್ಪು ಟಿಕೆಟ್ ಹರದಿದ್ರ ಪ್ಯಾಸೆಂಜರ್ ಇಳಿಯೋಕ್ಕಿಂತ ಮೊದಲ ಹೋಗಿ ಹೇಳಬೇಕವ್ವ," ಅಂದರು. "ಅಂವ ಇಳದು ಹೋದ ಮ್ಯಾಲ ಅದು ತಪ್ಪಾಗಿ ಉಳಿಯಂಗಿಲ್ಲ."

ಡಿಪೋದವರಿಗೆಲ್ಲ ಹೇಳಿಬಿಟ್ಟಿದ್ದೀರಲ್ಲ ಎಂದೆ. ಹೋಗದಿದ್ದರೆ ಅದನ್ನೂ ನಾನೇ ಹೇಳುತ್ತೇನೆ ಬಿಡು ಎಂದರು.

ಮೂರನೆಯ ದಿನ ಪತ್ರ ಬರೆದು ಮಾರ್ಗದರ್ಶಕರ ಮುಂದಿಟ್ಟೆ. ಇಪ್ಪತ್ತು ಸಾಲು. ಅರ್ಜಿಯ ಯಾವ ವಾಕ್ಯ ತಪ್ಪು, ಹೇಗೆ ತಪ್ಪಿತು, ಹೊಸ ಸ್ಲೈಡ್‌ಗಳಲ್ಲಿ ಏನಿದೆ, ಅಷ್ಟೇ. ಕ್ಷಮೆ ಕೇಳಿದ್ದು ಒಂದು ಸಾಲಿನಲ್ಲಿ. ಅವರು ಓದಿ, ಪೆನ್ನಿನಿಂದ ಎರಡು ಕಡೆ ಇಂಗ್ಲಿಷು ತಿದ್ದಿದರು.

"ಕೆಳಗ ನನ್ನ ಸಹಿಗೂ ಜಾಗ ಬಿಡು," ಅಂದರು. "ಆ ಎರಡು ಸ್ಲೈಡ್ ನಾನೂ ನೋಡಿದ್ದೆ. ಶಿಫಾರಸು ಬರದಾಂವ ನಾನ."

ಪ್ರತಿಷ್ಠಾನದ ಉತ್ತರ ನಾಲ್ಕು ದಿನಕ್ಕೆ ಬಂತು. ಆಯ್ಕೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಮೂರು ವಾರದೊಳಗೆ ಪರಿಷ್ಕೃತ ಯೋಜನೆ ಕಳಿಸಬಹುದು. ಆಮೇಲೆ ಸಮಿತಿ ಸಂದರ್ಶನ ಮಾಡುತ್ತದೆ. ಅದರ ಧಾಟಿಯಲ್ಲಿ ಸಿಟ್ಟೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ನನಗೆ ಅದು ಬಾಗಿಲು ತೆರೆದ ಹಾಗೇ ಕಂಡಿತು. ಮೂರು ವಾರ ಅಂದರೆ ಇಪ್ಪತ್ತೊಂದು ಬೆಳಗು.

ಹಳ್ಳ ಅಲ್ಲವೆಂದ ಮೇಲೆ ಭತ್ತದ ಕಣಜ ಬೇಸಿಗೆಯಲ್ಲಿ ಎಲ್ಲಿದೆ ಎಂದು ತೋರಿಸಬೇಕಿತ್ತು. ನನಗೆ ಗೊತ್ತಿದ್ದ ವಿಧಾನ ಒಂದೇ. ಕುಂಡದಲ್ಲಿ ಭತ್ತ ಬೆಳೆಸಿ, ಅದರ ಮೇಲೆ ಗರ್ಭಿಣಿ ಜಿಗಿಹುಳುಗಳನ್ನು ಒಂದು ದಿನ ಬಿಟ್ಟು ಮೊಟ್ಟೆ ಇಡಿಸಿ, ಹುಳುಗಳನ್ನು ತೆಗೆದು, ಕುಂಡವನ್ನು ಬಯಲಲ್ಲಿ ಮೂರು ದಿನ ಇಡುವುದು. ಸುತ್ತ ಕಣಜ ಇದ್ದರೆ ಆ ಮೊಟ್ಟೆಗಳನ್ನು ಹುಡುಕಿಕೊಂಡು ಬರುತ್ತದೆ. ಮರಳಿ ತಂದು ಹತ್ತು ಹನ್ನೆರಡು ದಿನ ಕಾದರೆ ಹೊಸ ಕಣಜಗಳು ಹೊರಬರುತ್ತವೆ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಮಾತ್ರ ವೇಳೆ ಇತ್ತು. ಕೋಣೆಯಲ್ಲಿ ಹನ್ನೆರಡು ಕುಂಡ ಸಿದ್ಧವಿದ್ದವು. ಆರನ್ನು ಮಸ್ಕಿಯ ಹತ್ತಿರದ ಬಾವಿ ನೀರಿನ ತೋಟಗಳಿಗೆ ಒಯ್ಯುವುದು, ಇನ್ನಾರನ್ನು ಸಿಂಧನೂರು ತಾಲ್ಲೂಕಿನ ದಢೇಸುಗೂರಿನ ಬದುಗಳಲ್ಲಿಡುವುದು ಎಂದು ಮಾಡಿದೆ.

ಮಸ್ಕಿಯ ಆರು ಕುಂಡ ದಾರಿಯಲ್ಲೇ ಸತ್ತವು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬಸ್ ಹತ್ತಿದ್ದೆ. ಸಂತೆಯ ದಿನ, ನಿಲ್ಲಲೂ ಜಾಗ ಇರಲಿಲ್ಲ. ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ ಮುಂದೆ ಇಂಜಿನ್ನಿನ ಮುಚ್ಚಳದ ಮೇಲೆ ಇಡಿಸಿದರು. ನಾನು ಹಿಂಬಾಗಿಲ ಹತ್ತಿರ ಸಿಕ್ಕಿಕೊಂಡಿದ್ದೆ. ಮಸ್ಕಿಯಲ್ಲಿ ಇಳಿದು ತೆರೆದಾಗ ಒಳಗಿನಿಂದ ಬೇಯಿಸಿದ ಸೊಪ್ಪಿನ ಹಬೆ ಬಂತು. ಒಂದು ದಂಟನ್ನು ಅಲ್ಲೇ ಸೀಳಿ ಕೈಮಸೂರದಲ್ಲಿ ನೋಡಿದೆ. ಮೊಟ್ಟೆಗಳು ಸುಕ್ಕಾಗಿದ್ದವು. ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂತು, ಮುಂದಿನ ಬಸ್ಸಿಗೆ ಸಿಂಧನೂರಿಗೆ ಮರಳಿದೆ. ಉಳಿದ ಆರು ಕುಂಡಗಳನ್ನು ಮಾರನೆಯ ಬೆಳಿಗ್ಗೆ ಆಟೋದಲ್ಲಿ, ನನ್ನ ತೊಡೆಯ ಮೇಲೆ ಎರಡು, ಕಾಲಿನ ನಡುವೆ ನಾಲ್ಕು ಇಟ್ಟುಕೊಂಡು ದಢೇಸುಗೂರಿಗೆ ಒಯ್ದೆ.

ಅಲ್ಲಿ ನಾನು ಎರಡು ವರ್ಷದಿಂದ ಒಬ್ಬ ಹಿರಿಯ ರೈತರ ಗದ್ದೆಯಲ್ಲಿ ಮಾದರಿ ತೆಗೆಯುತ್ತಿದ್ದೆ. ಕಾಕಾ ಎಂದೇ ಕರೆಯುತ್ತೇನೆ. ಅವರ ಹೊಲದಲ್ಲಿ ಆಗ ಕಟಾವು ಮುಗಿದು ಮಡಿಗಳೆಲ್ಲ ಬಿರುಕು ಬಿಟ್ಟು ಬೆಳ್ಳಗಾಗಿದ್ದವು. ಬದುವಿನ ಮೇಲೆ ಕುಂಡಗಳನ್ನು ಇಡಲು ಹತ್ತು ಹೆಜ್ಜೆಗೊಂದು ಜಾಗ ಗುರುತು ಮಾಡುತ್ತಿದ್ದೆ. ಹತ್ತಿರದಲ್ಲೇ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹೆಣ್ಣುಮಗಳು, ಐವತ್ತರ ಮೇಲಿನ ವಯಸ್ಸು, ಬಹಳ ಹೊತ್ತು ನೋಡಿ ಹತ್ತಿರ ಬಂದಳು. ಕುಂಡದಲ್ಲಿ ನೆಲ್ಲು ಹಚ್ಚುವುದನ್ನು ಈಗಲೇ ನೋಡಿದ್ದು ಎಂದಳು. ನಾನು ಹಸಿರು ನೆಲ್ಲಿಗೆ ಬರುವ ಒಂದು ಹುಳ ಹುಡುಕುತ್ತಿದ್ದೇನೆ, ಬ್ಯಾಸಗ್ಯಾಗ ಹಸಿರು ನೆಲ್ಲು ಎಲ್ಲೂ ಇರುವುದಿಲ್ಲವಲ್ಲ, ಅದಕ್ಕೆ ತಂದಿದ್ದೇನೆ ಎಂದು ವಿವರಿಸಿದೆ.

"ಇಲ್ಲಂತ ಯಾರು ಹೇಳ್ಯಾರ?" ಅಂದಳು. "ನನ್ನ ಎಮ್ಮಿ ಮತ್ತ ದಿನಾ ಎಲ್ಲಿ ಹೋಗ್ತಾವ? ಬಸಿಗಾಲವ್ಯಾಗ ಇಳದು ನೋಡ ತಂಗಿ."

ಬಸಿಗಾಲುವೆ ಅಂದರೆ ಗದ್ದೆಗಳಿಂದ ಬಸಿದ ನೀರು ಹರಿದು ಹೋಗುವ ಕಾಲುವೆ. ಹೊಲದ ತಗ್ಗಿನಲ್ಲಿ, ಜಾಲಿಯ ಪೊದೆಗಳ ಆಚೆ ಇತ್ತು. ಎರಡು ವರ್ಷ ಆ ಬದುವಿನ ಮೇಲೆ ಓಡಾಡಿದ್ದೆ, ಪೊದೆ ದಾಟಿ ಇಳಿದಿರಲಿಲ್ಲ. ಕಾಲುವೆ ಬಂದ್ ಆದರೂ ಬಸಿ ನೀರು ಪಾದ ಮುಳುಗುವಷ್ಟು ಇನ್ನೂ ನಿಂತಿತ್ತು. ಎರಡೂ ದಂಡೆಗೆ, ಉದುರಿದ ಕಾಳಿನಿಂದ ಹುಟ್ಟಿದ ಭತ್ತ, ಕೊಯ್ದ ಬುಡದಿಂದ ಚಿಗುರಿದ ಕೂಳೆ, ನಡುವೆ ಜೇಕಿನ ಕಳೆ, ಎಲ್ಲ ಕಲಸಿಕೊಂಡು ಮೊಣಕಾಲೆತ್ತರ ಬೆಳೆದಿತ್ತು. ಎಮ್ಮೆಗಳು ಒಂದು ಕಡೆಯಿಂದ ಮೇಯುತ್ತಿದ್ದವು. ನಾನು ಒಂದು ದಂಟು ಕಿತ್ತು ಉಗುರಿನಿಂದ ಸೀಳಿದೆ. ಒಳಗೆ ಜಿಗಿಹುಳುವಿನ ಮೊಟ್ಟೆಗಳ ಸಾಲಿತ್ತು. ಆರೋಗ್ಯವಾಗಿದ್ದರೆ ಅವು ಬೆಳ್ಳಗಿರುತ್ತವೆ. ಕಣಜ ಹೊಕ್ಕರೆ ಕೆಂಪಾಗುತ್ತವೆ. ಏಳರಲ್ಲಿ ನಾಲ್ಕು ಕೆಂಪಾಗಿದ್ದವು.

ಆ ಹೆಣ್ಣುಮಗಳು ದಂಡೆಯ ಮೇಲೆ ನಿಂತು, ಸಿಕ್ಕಿತೇನು ಎಂದು ಕೇಳಿದಳು. ಸಿಕ್ಕಿತು ಎಂದೆ. ಸಿಗಲೇಬೇಕು ಎನ್ನುವ ಹಾಗೆ ತಲೆಯಾಡಿಸಿ ಎಮ್ಮೆ ಹೊಡೆದುಕೊಂಡು ಹೋದಳು.

ಕುಂಡಗಳನ್ನು ಅಲ್ಲೇ ಬಿಟ್ಟೆ. ಅವುಗಳ ಫಲಿತಾಂಶಕ್ಕೆ ಕಾಯಬೇಕಿರಲಿಲ್ಲ. ಕಣಜ ಆಗಲೇ ಹೊಕ್ಕಿರುವ ದಂಟುಗಳೇ ಕೈಗೆ ಸಿಕ್ಕಿದ್ದರಿಂದ ಹನ್ನೆರಡು ದಿನ ಕಾಯುವ ಕೆಲಸವೂ ತಪ್ಪಿತು. ಬಸಿಗಾಲುವೆಯ ಉದ್ದಕ್ಕೆ ಹತ್ತು ಕಡೆ ದಂಟು ಕೊಯ್ದು, ಒದ್ದೆ ಹತ್ತಿ ಸುತ್ತಿ, ಕಪ್ಪು ಬಣ್ಣ ಬಳಿದ ಡಬ್ಬಿಗಳಲ್ಲಿಟ್ಟೆ. ಪ್ರತಿ ಡಬ್ಬಿಯ ಮುಚ್ಚಳಕ್ಕೆ ಒಂದು ಗಾಜಿನ ನಳಿಕೆ. ಹೊರಬಂದ ಕಣಜ ಬೆಳಕು ಹುಡುಕಿಕೊಂಡು ನಳಿಕೆಗೆ ಏರುತ್ತದೆ. ಮೂರನೆಯ ದಿನ ಮೊದಲ ನಳಿಕೆಯಲ್ಲಿ ಧೂಳಿನ ಕಣದಂಥದ್ದು ಒಂದು ಅಲುಗಾಡಿತು. ಐದನೆಯ ದಿನಕ್ಕೆ ಎಣಿಸಲು ಬೇಸರವಾಗುವಷ್ಟಿದ್ದವು. ಬೆಳಿಗ್ಗೆ ಐದೂವರೆಗೆ ಎದ್ದು ಮತ್ತೆ ಸ್ಲೈಡ್. ಈ ಸಲ ಪ್ರತಿ ಸ್ಲೈಡಿನ ಚೀಟಿಯ ಮೇಲೆ ಮೀಸೆ ಹೇಗೆ ಬಿದ್ದಿದೆ ಎಂಬುದನ್ನೂ ಬರೆದೆ. ಮಗ್ಗುಲಾಗಿದ್ದರೆ ಅದನ್ನು ಲೆಕ್ಕದಿಂದಲೇ ತೆಗೆದೆ. ಉಳಿದ ಹದಿನೆಂಟರಲ್ಲೂ ನಾಲ್ಕನೆಯ ತುಂಡಿನ ಮೇಲೆ ಗೆರೆ ಇತ್ತು.

ಪರಿಷ್ಕೃತ ಯೋಜನೆಗೂ ಐನೂರು ಪದದ್ದೇ ಮಿತಿ. ಈ ಸಲ ಹಿನ್ನೆಲೆಯನ್ನು ಕೊಯ್ದೆ, ಮಹತ್ವವನ್ನು ಕೊಯ್ದೆ. 'ಇದುವರೆಗೆ ಗೊತ್ತಿರುವುದು', 'ಇನ್ನೂ ಗೊತ್ತಿಲ್ಲದ್ದು' ಎಂದು ಎರಡು ಭಾಗ ಮಾಡಿ, ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟೆ.

ಸಂದರ್ಶನ ಆನ್‌ಲೈನ್. ಸಿಂಧನೂರಿನಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ಗೊತ್ತಿದ್ದರಿಂದ ಎರಡು ಫೋನು ಪೂರ್ತಿ ಚಾರ್ಜ್ ಮಾಡಿಟ್ಟಿದ್ದೆ. ಆರಂಭವಾದ ಎಂಟನೆಯ ನಿಮಿಷಕ್ಕೆ ಕರೆಂಟು ಹೋಯಿತು, ಫ್ಯಾನ್ ನಿಂತಿತು, ಫೋನಿನ ಇಂಟರ್ನೆಟ್ಟಿನಲ್ಲಿ ಮಾತು ಮುಂದುವರಿಯಿತು. ಸಮಿತಿಯಲ್ಲಿ ಮೂವರಿದ್ದರು. ಇಬ್ಬರು ಸ್ಲೈಡ್ ತಯಾರಿಯ ಬಗ್ಗೆ ಕೇಳಿದರು. ಅದರಲ್ಲಿ ನನ್ನನ್ನು ಯಾರೂ ಅಲುಗಾಡಿಸುವಂತಿರಲಿಲ್ಲ. ಅಧ್ಯಕ್ಷೆಯಾಗಿದ್ದ ಹಿರಿಯ ವಿಜ್ಞಾನಿ ಕೊನೆಗೆ ಮಾತಾಡಿದರು. ನೀವು ಹೋಗಿ ಕಂಡುಹಿಡಿಯುತ್ತೇನೆಂದದ್ದು ಹೋಗುವ ಮೊದಲೇ ತಿಳಿದುಬಿಟ್ಟಿದೆ, ಇನ್ನು ನಿಮ್ಮನ್ನು ಅಲ್ಲಿಗೆ ಯಾಕೆ ಕಳಿಸಬೇಕು ಎಂದು ಕೇಳಿದರು. ಪ್ರಶ್ನೆ ಗಟ್ಟಿಯಾಗಿತ್ತು, ನ್ಯಾಯವಾಗಿಯೂ ಇತ್ತು.

ನಾನು ಬೆವರು ಒರೆಸಿಕೊಂಡು ಹೇಳಿದೆ. ಬಸಿಗಾಲುವೆಯ ಕಣಜ ಮೀಸೆಯಲ್ಲಿ ಭತ್ತದ ಕಣಜವನ್ನು ಹೋಲುತ್ತದೆ. ಹೋಲಿಕೆಯನ್ನು ನಂಬಿ ಒಮ್ಮೆ ತಪ್ಪಿದ್ದೇನೆ. ಡಿಎನ್‌ಎ ನೋಡದೆ ಎರಡನೆಯ ಸಲ ಅದೇ ವಾಕ್ಯವನ್ನು ಬರೆಯಲು ತಯಾರಿಲ್ಲ. ಒಂದೇ ಕಣಜದಿಂದ ಡಿಎನ್‌ಎಯನ್ನೂ ತೆಗೆದು ಅದರ ಸ್ಲೈಡನ್ನೂ ಉಳಿಸುವ ವಿಧಾನ ಆ ತಜ್ಞೆಯ ಹತ್ತಿರ ಇದೆ, ನನಗೆ ಬರುವುದಿಲ್ಲ. ಕಲಿತು ಬಂದರೆ ಮುಂದಿನ ಸಲ ನನಗೆ ಯಾರ ಫೆಲೋಶಿಪ್ಪೂ ಬೇಕಾಗುವುದಿಲ್ಲ.

ಅಧ್ಯಕ್ಷೆ ನಕ್ಕರೋ ಅಥವಾ ಪರದೆ ನಿಂತುಹೋಯಿತೋ ತಿಳಿಯಲಿಲ್ಲ. ಮಾತು ಅಲ್ಲಿಗೆ ಕಡಿಯಿತು. ಮರಳಿ ಸೇರುವಷ್ಟರಲ್ಲಿ ಸಂದರ್ಶನ ಮುಗಿದಿತ್ತು.

ಒಂಬತ್ತು ದಿನಕ್ಕೆ ಪತ್ರ ಬಂತು. ಫೆಲೋಶಿಪ್ ಮಂಜೂರು, ಅವಧಿ ಮೂರು ತಿಂಗಳ ಬದಲು ಎಂಟು ವಾರ. ಹಳ್ಳದ ಭಾಗವನ್ನು ಕೈಬಿಟ್ಟು ಬಸಿಗಾಲುವೆಯದನ್ನು ಮಾತ್ರ ಮಾಡಬೇಕೆಂದು ಸೂಚನೆ. ಎಂಟು ವಾರ ನನಗೆ ಸಾಕಿತ್ತು. ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಒಳ್ಳೆಯದಾಯಿತು ಎಂದು ಹೇಳಿ, ಮಾದರಿಗಳನ್ನು ಹೊರದೇಶಕ್ಕೆ ಒಯ್ಯುವ ಅನುಮತಿಗೆ ಇವತ್ತೇ ಅರ್ಜಿ ಹಾಕು ಎಂದರು. ಅವರು ಹೇಳಿದ್ದು ಸರಿಯಿತ್ತು. ಸತ್ತ ಕಣಜವನ್ನೂ ಜೀವವೈವಿಧ್ಯ ಕಾನೂನಿನ ಅನುಮತಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಆ ಕಾಗದ ಬಂದದ್ದು ವಿಮಾನಕ್ಕೆ ನಾಲ್ಕು ದಿನ ಮುಂಚೆ. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು ಹುಳ ನೋಡಲು ಹೊರದೇಶಕ್ಕೆ ಹೋಗುವುದೇಕೆ, ಇಲ್ಲಿ ಕಡಿಮೆ ಇವೆಯೇ ಎಂದು ಅವ್ವನನ್ನು ಕೇಳಿದರಂತೆ. ಹುಳ ಇಲ್ಲಿಂದಲೇ ಒಯ್ಯುತ್ತಾಳೆ ಎಂದು ಅವ್ವ ಹೇಳಿ ಕಳಿಸಿದ್ದಳು.

ಆ ಎಂಟು ವಾರದ ಬಗ್ಗೆ ಹೇಳಲು ಬಹಳವಿಲ್ಲ. ತಜ್ಞೆ ಮಾತು ಕಡಿಮೆಯವರು. ಮೊದಲ ದಿನ ನನ್ನ ಸ್ಲೈಡ್ ಪೆಟ್ಟಿಗೆಯನ್ನು ತೆಗೆದುಕೊಂಡು ಒಂದು ಗಂಟೆ ಒಬ್ಬರೇ ನೋಡಿದರು. ಆಮೇಲೆ, ಇವನ್ನು ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. ಎಷ್ಟು ಬಿಸಿಲಿನ ಊರಿನಲ್ಲಿ ಎಂದು ಕೇಳಿದರು. ಹೇಳಿದೆ. ತಣ್ಣೀರಿನ ತಟ್ಟೆಯ ಉಪಾಯವನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಉಳಿದ ದಿನಗಳಲ್ಲಿ ನಾನು ಅವರಿಂದ ಕಲಿತೆ: ಕಣಜವನ್ನು ಹರಿಯದೆ ಡಿಎನ್‌ಎ ಮಾತ್ರ ಹೊರತೆಗೆಯುವುದು, ಚಿಪ್ಪನ್ನು ಹಾಗೇ ಉಳಿಸಿ ಸ್ಲೈಡಿಗೆ ಏರಿಸುವುದು. ಮೊದಲ ಎರಡು ವಾರ ಎಲ್ಲವೂ ಕೆಟ್ಟವು. ಮೂರನೆಯ ವಾರದಿಂದ ಕೈ ಕೂತಿತು. ಕೊನೆಯ ವಾರ ಫಲಿತಾಂಶ ಬಂತು. ಬಸಿಗಾಲುವೆಯ ಕಣಜವೂ ಗದ್ದೆಯ ಕಣಜವೂ ಒಂದೇ ಜಾತಿ. ಆ ವಾಕ್ಯವನ್ನು ಬರೆದ ಮೇಲೆ ಅದರ ಮುಂದೆ ಎಷ್ಟು ಕಣಜ, ಎಷ್ಟು ಸ್ಥಳ, ಯಾವ ವಿಧಾನ ಎಂಬುದನ್ನೂ ಬರೆದೆ. ಅಲ್ಲಿ ಪದಗಳ ಮಿತಿ ಇರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ, ಕಾಲುವೆ ಬಂದ್ ಆಗುವ ವಾರ, ದಢೇಸುಗೂರಿಗೆ ಹೋದೆ. ಕಟಾವಿನ ನಂತರ ಬಸಿಗಾಲುವೆಯ ದಂಡೆಗೆ ಬೆಂಕಿ ಹಚ್ಚಿ ಚೊಕ್ಕ ಮಾಡುವುದು ಅಲ್ಲಿಯ ಪದ್ಧತಿ. ಹಿಂದಿನ ವರ್ಷ ಕಾಕಾನ ಬೆನ್ನಿಗೆ ನೋವಾಗಿ ಆ ಕೆಲಸ ಉಳಿದಿತ್ತಂತೆ. ಇಲ್ಲದಿದ್ದರೆ ನಾನು ಇಳಿದಾಗ ಅಲ್ಲಿ ಬೂದಿ ಬಿಟ್ಟು ಏನೂ ಇರುತ್ತಿರಲಿಲ್ಲ. ಈ ಸಲ ಅವರು ಜಾಲಿ ಕಡಿದು ದಂಡೆಯ ಮೇಲೆ ಒಟ್ಟಿದ್ದರು. ನಾನು ಕೆಂಪು ಮೊಟ್ಟೆಗಳ ಚಿತ್ರವನ್ನು ಫೋನಿನಲ್ಲಿ ತೋರಿಸಿ, ಕಣಜ ಬೇಸಿಗೆಯಲ್ಲಿ ಇಲ್ಲೇ ಬದುಕುತ್ತದೆ, ಇದನ್ನು ಸುಟ್ಟರೆ ಮುಂದಿನ ನಾಟಿಗೆ ಅದು ಬರುವುದು ತಡವಾಗಬಹುದು ಎಂದೆ. 'ಆಗುತ್ತದೆ' ಎನ್ನಲಿಲ್ಲ. ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ದಂಡೆಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರು.

"ಎಷ್ಟ ಬಿಡಬೇಕು ತಂಗಿ? ಹತ್ತು ಮಾರು? ಇಪ್ಪತ್ತು?"

ಏನಾದರೂ ಒಂದು ಸಂಖ್ಯೆ ಹೇಳಿದ್ದರೆ ಅವರು ಒಪ್ಪುತ್ತಿದ್ದರು. ಬಾಯಿಗೆ ಬಂದೂ ಇತ್ತು.

"ಅದನ್ನ ಇನ್ನಾ ಅಳದಿಲ್ಲ ಕಾಕಾ," ಅಂದೆ. "ಈ ಬ್ಯಾಸಗ್ಯಾಗ ನಿಮ್ಮ ದಂಡಿಮ್ಯಾಲೇ ಅಳೀಬೇಕಂತ ಬಂದೀನಿ."

ಅವರು ಕಿಸೆಯಿಂದ ತೆಗೆದಿದ್ದ ಕಡ್ಡಿಪೆಟ್ಟಿಗೆಯನ್ನು ಮರಳಿ ಕಿಸೆಗೆ ಹಾಕಿಕೊಂಡರು.

"ಹಂಗಾರ ಈ ವರ್ಷ ಪೂರಾ ಬಿಡ್ತೀನಿ," ಅಂದರು. "ನೀ ಅಳದು ಹೇಳು."